ಗಡಿಯಾರ ನಂಬದ ಲೋವೆಲ್ ಸ್ಟಾನೆಕ್

ಓಟದ ಪರೀಕ್ಷೆ ಶುರುವಾಗುವ ಗಳಿಗೆಗೆ ಸರಿಯಾಗಿ ಲೋವೆಲ್ ಸ್ಟಾನೆಕ್ ಮೈದಾನಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಪ್ರತಿ ವರ್ಷ ಚಳಿಗಾಲದ ಕೊನೆಗೆ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕದ ಕಾಲೇಜು ಫುಟ್‌ಬಾಲಿನ ಹುಡುಗರನ್ನು ಒಂದು ದೊಡ್ಡ ಸೂರಿನಡಿ ಕಲೆಹಾಕಿ, ಬರೀ ಚಡ್ಡಿಯಲ್ಲಿ ನಿಲ್ಲಿಸಿ, ತೂಕ, ಎತ್ತರ, ಅಂಗೈಯ ಅಗಲ ಎಲ್ಲ ಅಳೆದು, ನಲವತ್ತು ಗಜ ಓಡಿಸಿ, ನಿಂತಲ್ಲಿಂದ ಎಗರಿಸಿ ನೋಡುವ ಆ ಶಿಬಿರದಲ್ಲಿ, ವೃತ್ತಿಪರ ಕ್ಲಬ್‌ಗಳ ಆಯ್ಕೆಗಾರರೆಲ್ಲ ಸ್ಟಾಪ್‌ವಾಚಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಉಸಿರು ಬಿಗಿಹಿಡಿದು ಕೂತಿರುವಾಗ, ಈ ಒಬ್ಬ ಮನುಷ್ಯ ಮಾತ್ರ ಗೋಡೆಯತ್ತ ಮುಖಮಾಡಿ, ಕೋಟಿನ ಜೇಬಿನಿಂದ ಕಡಲೆಕಾಯಿ ತೆಗೆದು ನಿಧಾನವಾಗಿ ಸುಲಿಯುತ್ತಿದ್ದರು. ಓಟ ಮುಗಿದ ಮೇಲೆ ತಿರುಗಿ, ಓಡಿ ಬಂದವನು ಏದುಸಿರು ಬಿಡುತ್ತ ಯಾರ ಮುಖ ನೋಡುತ್ತಾನೆ ಎಂಬುದನ್ನಷ್ಟೇ ಗಮನಿಸುತ್ತಿದ್ದರು.

ಬೂದುಬಣ್ಣದ ದಪ್ಪ ಉಣ್ಣೆಯ ಆ ಕೋಟು ಮೇ ತಿಂಗಳ ಸೆಕೆಯಲ್ಲೂ ಅವರ ಮೈಮೇಲೆಯೇ ಇರುತ್ತಿತ್ತು. ಚಿತ್ರೀಕರಿಸಿದ ಆಟಗಳನ್ನು ನೋಡುವ ತಣ್ಣನೆಯ ಕತ್ತಲೆ ಕೋಣೆಯಲ್ಲಿ ಅರ್ಧ ಆಯುಷ್ಯ ಕಳೆದ ದೇಹಕ್ಕೆ ಋತುಗಳ ಪರಿವೆಯೇ ಉಳಿದಿರಲಿಲ್ಲ. ಎಡ ಮೊಣಕಾಲು ಮಡಿಯುತ್ತಿರಲಿಲ್ಲವಾದ್ದರಿಂದ ಯಾವ ಬಾಗಿಲನ್ನಾದರೂ ಭುಜ ಮುಂದುಮಾಡಿ ಓರೆಯಾಗಿಯೇ ಪ್ರವೇಶಿಸುತ್ತಿದ್ದರು; ಕ್ಲಬ್ಬಿನ ಕಚೇರಿಯ ಎಳೆಯರು ಅವರ ಬೆನ್ನ ಹಿಂದೆ "ಏಡಿ ಬಂತು ನೋಡ್ರೋ" ಎಂದು ಪಿಸುಗುಟ್ಟುತ್ತಿದ್ದರು. ಅದು ಅವರ ಕಿವಿಗೆ ಬೀಳುತ್ತಿತ್ತು. ಅಂದವನ ಹೆಗಲ ಮೇಲೆ ಕೈಯಿಟ್ಟು, ಒಂದು ಕಡಲೆಕಾಯಿ ಕೊಟ್ಟು, ಮುಂದೆ ಹೋಗುತ್ತಿದ್ದರು.

ಗಡಿಯಾರದ ಮೇಲಿನ ಆ ವೈರಕ್ಕೆ ಒಂದು ಮೂಲವಿತ್ತು. ಒಹಾಯೊದ ಉಕ್ಕಿನ ಕಾರ್ಖಾನೆಯ ಊರೊಂದರಲ್ಲಿ ಕುಲುಮೆ ಕೆಲಸಗಾರನ ಮಗನಾಗಿ ಹುಟ್ಟಿದ ಸ್ಟಾನೆಕ್ ಸ್ವತಃ ಆಟಗಾರರಾಗಿದ್ದರು. ಯೌವನದಲ್ಲಿ ಒಂದು ಕ್ಲಬ್ಬಿನ ತರಬೇತುದಾರ ಅವರನ್ನು ಒಂದೇ ಒಂದು ಸಲ ಓಡಿಸಿ, ಕೈಯಲ್ಲಿದ್ದ ವಾಚನ್ನು ನೋಡಿ, "ಮನೆಗೆ ಹೋಗಪ್ಪಾ, ನಿನ್ ಕಾಲಲ್ಲಿ ಸೀಸ ತುಂಬಿದಾರೆ" ಎಂದು ಕಳುಹಿಸಿಬಿಟ್ಟಿದ್ದ. ತನ್ನ ಆಟವನ್ನು ಆತ ನೋಡಲೇ ಇಲ್ಲ ಎಂಬ ಕೊರಗು ಸ್ಟಾನೆಕ್‌ರೊಳಗೆ ಆರದ ಹುಣ್ಣಿನಂತೆ ಉಳಿಯಿತು. ಆಮೇಲೆ ಊರಿನ ಸಣ್ಣ ತಂಡದಲ್ಲಿ ಮೊಣಕಾಲು ಮುರಿದುಕೊಂಡು, ಆಡುವುದರಿಂದ ನೋಡುವುದಕ್ಕೆ ಬಂದರು.

ನೋಡುವುದೆಂದರೆ ಸಾಮಾನ್ಯ ನೋಟವಲ್ಲ ಅದು. ಚಿತ್ರದ ಸದ್ದನ್ನು ಪೂರ್ತಿ ಅಡಗಿಸಿ, ಒಂದೇ ತುಣುಕನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತ, "ಇನ್ನೊಂದ್ಸಲ... ಇನ್ನೊಂದ್ಸಲ" ಎಂದು ಜಪದಂತೆ ಗೊಣಗುತ್ತಿದ್ದರು. ಪಕ್ಕದಲ್ಲಿ ಕೂತವರು ಆಕಳಿಸಿದರೆ, "ಚೆಂಡಿನ ಹತ್ರ ಎಲ್ರೂ ಶೂರರೇ ಕಣಯ್ಯ. ಚೆಂಡು ಆಕಡೆ ಹೋದ್ಮೇಲೆ ಏನ್ ಮಾಡ್ತಾನೆ, ಅದನ್ನ ನೋಡು" ಎನ್ನುತ್ತಿದ್ದರು. ಒಂದು ವರ್ಷ ಶಿಬಿರದಲ್ಲಿ ಒಬ್ಬ ಹುಡುಗ ಎಗರಿದ ಎತ್ತರಕ್ಕೆ ಇಡೀ ಸಭಾಂಗಣ ಎದ್ದುನಿಂತು ಚಪ್ಪಾಳೆ ತಟ್ಟಿತ್ತು. "ಬೇಡ, ಡಿಕ್ಕಿ ಹತ್ರ ಬಂದಾಗ ಕಣ್ಣು ಮುಚ್ಕೋತಾನೆ" ಎಂದ ಸ್ಟಾನೆಕ್‌ರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಹುಡುಗ ಆಟ ಬಿಟ್ಟು ಎಲ್ಲೋ ಕಾರು ಮಾರುತ್ತಿದ್ದನಂತೆ. ಅಲ್ಲಿಂದಾಚೆ ಸ್ಟಾನೆಕ್ ಬಾಯಿ ತೆರೆದರೆ ಸಭೆ ಮೌನವಾಗುತ್ತಿತ್ತು. ಆ ಮೌನವೇ ಮುಂದೆ ಅನರ್ಥಕ್ಕೆ ದಾರಿಯಾಯಿತು.

ಜಾರಿಯಸ್ ಮಿಂಗೊ ಎಂಬ ಹುಡುಗನನ್ನು ಅವರು ದಕ್ಷಿಣ ಕೆರೊಲಿನಾದ ಸಣ್ಣ ಕಾಲೇಜೊಂದರ ಚಿತ್ರಗಳಲ್ಲಿ ಕಂಡರು. ರಕ್ಷಣೆಯ ಕೊನೆಯ ಸಾಲಿನಲ್ಲಿ ನಿಂತು, ಚೆಂಡು ಹಿಡಿದು ನುಗ್ಗಿ ಬರುವವನನ್ನು ಕೆಡವುವುದು ಅವನ ಕೆಲಸ. ಮಳೆಯಲ್ಲಿ ನಡೆದ, ಅವನ ತಂಡ ಆಗಲೇ ಹೀನಾಯವಾಗಿ ಸೋತಿದ್ದ ಒಂದು ಆಟದ ತುಣುಕು ಅವರನ್ನು ಹಿಡಿದು ಕೂರಿಸಿತು: ಕೆಸರಲ್ಲಿ ಉರುಳಿಬಿದ್ದ ಹುಡುಗ ಎದ್ದು, ಮೈದಾನದ ಇಡೀ ಅಗಲವನ್ನು ಓಡಿ ದಾಟಿ, ಇನ್ನೇನು ಅಂಕದ ಗೆರೆ ದಾಟಲಿದ್ದ ಎದುರಾಳಿಯ ಮೇಲೆ ತನ್ನನ್ನೇ ಎಸೆದುಕೊಂಡಿದ್ದ. ಗೆಲ್ಲುವ ಆಸೆಯಿಲ್ಲದ ಆಟದಲ್ಲಿ ಯಾರಿಗಾಗಿ ಹಾಗೆ ಓಡಿದ? ಸ್ಟಾನೆಕ್‌ರ ಕಣ್ಣು ತುಂಬಿಬಂತು. ಶಿಬಿರದಲ್ಲಿ ಅದೇ ಮಿಂಗೊ ತನ್ನ ಸಾಲಿನವರಲ್ಲೆಲ್ಲ ಅತ್ಯಂತ ನಿಧಾನವಾಗಿ ಓಡಿದ.

ಆಯ್ಕೆಯ ಮುಂಚಿನ ಸಭೆಯಲ್ಲಿ ಕ್ಲಬ್ಬಿನ ಮುಖ್ಯ ವ್ಯವಸ್ಥಾಪಕ ನಗುತ್ತ, "ಅಜ್ಜಾ, ನಿನ್ ಹುಡುಗ ನಮ್ಮತ್ತೆಗಿಂತ ನಿಧಾನ ಓಡ್ತಾನಲ್ಲೋ" ಎಂದ.

"ನಿಮ್ಮತ್ತೆ ಇವನ ಹಾಗೆ ಕೆಡವ್ತಾರೇನು? ಕೆಡವ್ತಾರೆ ಅಂದ್ರೆ ಅವ್ರನ್ನೂ ತಗೊಳ್ಳೋಣ."

ಎಲ್ಲರೂ ನಕ್ಕರು. ದೈಹಿಕ ಪರೀಕ್ಷೆಗಳ ವಿಭಾಗ ನೋಡಿಕೊಳ್ಳುತ್ತಿದ್ದ ಕೊರಿನ್ ವೇಡ್ ಮಾತ್ರ ನಗಲಿಲ್ಲ. ಸ್ಟಾನೆಕ್‌ರ ಮಗಳ ವಯಸ್ಸಿನ ಆಕೆಗೆ ಆ ಮುದುಕನ ಮೇಲೆ ಅಕ್ಕರೆಯೂ ಇತ್ತು.

"ಲೋವೆಲ್, ಅವನು ಚೆಂಡಿರೋ ಜಾಗಕ್ಕೆ ಹೋಗಿ ಸೇರ್ತಾನೆ, ನಾನೂ ನೋಡಿದೀನಿ. ಆದ್ರೆ ಪ್ರತಿಸಲ ಚೂರು ತಡವಾಗಿ. ತಡ ಆದೋನು ಕಾಲೂರಿ ನಿಂತು, ಕೈಚಾಚಿ ಹಿಡಿಯಕ್ಕಾಗಲ್ಲ, ಮೈ ಎಸೀಲೇಬೇಕು. ಅಲ್ಲಿ ನಡೀತು. ಇಲ್ಲಿ ಎದುರಿಗೆ ಬರೋರು ಇನ್ನೂ ದಪ್ಪ, ಇನ್ನೂ ಜೋರು."

"ಅಂಕಿಗೆ ಎದೆ ಇರಲ್ಲಮ್ಮ."

"ಯಾರ ಮೇಲೂ ಮೋಹಾನೂ ಇರಲ್ಲ."

ಸ್ಟಾನೆಕ್ ದೀಪ ಆರಿಸಿ, ಮಳೆಯ ತುಣುಕನ್ನು ಹಾಕಿದರು. ಮುಗಿದಾಗ ಯಾರೂ ಮಾತಾಡಲಿಲ್ಲ. ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನ ದಿನ, ಕೊನೆಯ ಸರದಿಗಳಲ್ಲೊಂದರಲ್ಲಿ ಕ್ಲಬ್ ಮಿಂಗೊನ ಹೆಸರು ಕೂಗಿಸಿತು. ಸ್ಟಾನೆಕ್ ಸ್ವತಃ ಫೋನು ಮಾಡಿ ತಿಳಿಸಿದಾಗ, ಆಚೆ ಕಡೆ ಹುಡುಗನ ತಾಯಿ ದೇವರ ಹೆಸರು ಹಿಡಿದು ಕೂಗಿಕೊಂಡದ್ದು ಅವರ ಕೈಯಲ್ಲಿದ್ದ ಫೋನನ್ನೇ ನಡುಗಿಸಿತು.

ಮೊದಲ ವರ್ಷ ಹುಡುಗ ಚೆನ್ನಾಗಿಯೇ ಆಡಿದ. ಎರಡನೆಯ ವರ್ಷದ ನವೆಂಬರಿನ ಒಂದು ಭಾನುವಾರ, ತನಗಿಂತ ಬಹಳ ಭಾರಿಯಾದ ಓಟಗಾರನನ್ನು ತಡೆಯಲು ಎಂದಿನಂತೆ ಅರೆಗಳಿಗೆ ತಡವಾಗಿ ತಲುಪಿ, ತಲೆ ತಗ್ಗಿಸಿ ಅವನ ಸೊಂಟಕ್ಕೆ ಬಡಿದವನು ಹಾಗೆಯೇ ಬಿದ್ದ, ಏಳಲಿಲ್ಲ. ಮತ್ತೊಂದು ಕಾಲೇಜಿನ ಆಟ ನೋಡಿ ಹಿಂದಿರುಗುತ್ತಿದ್ದ ಸ್ಟಾನೆಕ್ ಕಾರಿನ ರೇಡಿಯೋದಲ್ಲಿ ಸುದ್ದಿ ಕೇಳಿ, ಹೆದ್ದಾರಿಯ ಅಂಚಿಗೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸುವುದನ್ನೂ ಮರೆತು ಕೂತುಬಿಟ್ಟರು. ಕತ್ತಿನ ಮೂಳೆ ಮುರಿದಿತ್ತು.

ಮರುದಿನ ಅವರು ಕೋಣೆಯ ಬಾಗಿಲು ಹಾಕಿಕೊಂಡು ಮಿಂಗೊನ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಹಾಕಿದರು. ಇನ್ನೊಂದ್ಸಲ ಎಂದು ಗೊಣಗಲಿಲ್ಲ. ಅದರ ಅಗತ್ಯವೇ ಬೀಳಲಿಲ್ಲ. ಪ್ರತಿಯೊಂದು ಹೊಡೆತದಲ್ಲೂ, ತಾಕುವ ಕೊನೆಯ ಕ್ಷಣದಲ್ಲಿ, ಹುಡುಗನ ತಲೆ ನೆಲ ನೋಡುತ್ತಿತ್ತು. ಮಳೆಯ ತುಣುಕಿನಲ್ಲೂ. ಕೊರಿನ್ ಸದ್ದಿಲ್ಲದೆ ಒಳಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

"ನಾನೇ ಸರಿ ಅಂತ ಹೇಳಕ್ಕೆ ಬಂದಿಲ್ಲ, ಲೋವೆಲ್."

"ಹೇಳಿದ್ರೆ ವಾಸಿಯಿತ್ತು, ಮಗಾ."

ವಸಂತದಲ್ಲಿ ಸ್ಟಾನೆಕ್ ಮಿಂಗೊನ ಊರಿಗೆ ಹೋದರು. ಮನೆಯ ಮುಂಜಗಲಿಯ ಕುರ್ಚಿಯಲ್ಲಿ ಹುಡುಗ ಕೂತಿದ್ದ. ನಡೆಯಲು ಆಸರೆಯಾಗುವ ಲೋಹದ ಚೌಕಟ್ಟು ಹಿಡಿದು ನಾಲ್ಕು ಹೆಜ್ಜೆ ಇಡಬಲ್ಲವನಾಗಿದ್ದ, ಬಲಗೈ ಬೆರಳುಗಳು ಮಡಿಯುತ್ತಿರಲಿಲ್ಲ. ತಾಯಿ ಅರ್ನೆಸ್ಟೀನ್ ಟೊಮೇಟೊ ಅನ್ನ, ಕರಿದ ಮೀನು ಬಡಿಸಿ, ಮಗನಿಗೆ ತಾನೇ ತುತ್ತಿಟ್ಟಳು. ಸ್ಟಾನೆಕ್ ಹೇಳಬೇಕೆಂದು ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದರು. ಹುಡುಗನೇ ಮೊದಲು ಬಾಯಿಬಿಟ್ಟ.

"ಎಲ್ರೂ ಆ ವಾಚ್ ನೋಡಿದ್ರು, ಮಿಸ್ಟರ್ ಸ್ಟಾನೆಕ್. ನೀವೊಬ್ರೇ ನನ್ನ ನೋಡಿದ್ದು. ಸಾಯೋತನಕ ಮರೆಯಲ್ಲ."

ಸ್ಟಾನೆಕ್ ಹುಡುಗನ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತರು. ಹೊರಟಾಗ ಅರ್ನೆಸ್ಟೀನ್ ಕಾರಿನ ತನಕ ಬಂದಳು. ದನಿ ಏರಿಸದೆ ಕೇಳಿದಳು:

"ಅಷ್ಟೊಂದ್ ಸಲ ನೋಡಿದ್ರಂತಲ್ಲ. ನನ್ ಮಗ ತಲೆ ಬಗ್ಗಿಸ್ಕೊಂಡು ನುಗ್ಗೋದು ನಿಮಗೆ ಕಾಣ್ಲೇ ಇಲ್ವಾ?"

"ಕಾಣ್ತು ತಾಯಿ," ಎಂದರು ಸ್ಟಾನೆಕ್. "ಧೈರ್ಯ ಅಂದ್ಕೊಂಡೆ."

ಆಕೆ ಬೈಯಲಿಲ್ಲ. ತಿರುಗಿ ಜಗಲಿಗೆ ಹೋದಳು.

ಮುಂದಿನ ಋತುವಿನಲ್ಲೂ ಅವರು ಕೆಲಸಕ್ಕೆ ಬಂದರು, ಆದರೆ ಸಭೆಯಲ್ಲಿ ಯಾವ ಹುಡುಗನ ಬಗ್ಗೆ ಕೇಳಿದರೂ "ಗೊತ್ತಿಲ್ಲ" ಎನ್ನುತ್ತಿದ್ದರು. ಮೊದಮೊದಲು ಜನ ಇದನ್ನು ವಿನಯವೆಂದುಕೊಂಡರು. ಆಮೇಲೆ ಕ್ಲಬ್ಬೇ ಮರ್ಯಾದೆಯಿಂದ ಒಂದು ಭೋಜನಕೂಟ ಏರ್ಪಡಿಸಿ ಅವರನ್ನು ಬೀಳ್ಕೊಟ್ಟಿತು. ಈಗ ಅವರು ತಮ್ಮ ಹಳೆಯ ಊರಿನಲ್ಲಿ, ಮುಚ್ಚಿಹೋದ ಕಾರ್ಖಾನೆಯ ಎದುರಿನ ಬೀದಿಯಲ್ಲಿದ್ದಾರೆ. ಶುಕ್ರವಾರ ಸಂಜೆ ಶಾಲಾ ಮೈದಾನದ ಫುಟ್‌ಬಾಲ್ ಆಟದಿಂದ ಜನರ ಕೂಗು ಕೇಳಿಸಿದರೆ ಕಿಟಕಿ ಮುಚ್ಚುತ್ತಾರೆಂದು ನೆರೆಯವರು ಹೇಳುತ್ತಾರೆ.

ಪರರನ್ನು ನೋಡುವುದನ್ನೇ ಬಾಳಿನ ಕಸುಬಾಗಿಸಿಕೊಂಡ ಈ ಬಗೆಯವರು ನಮ್ಮ ನಡುವೆ ಆಟದ ಮೈದಾನದಲ್ಲಷ್ಟೇ ಇಲ್ಲ. ಒಂದು ಕಾಲದಲ್ಲಿ ತಮ್ಮನ್ನು ಯಾರೂ ನೋಡಲಿಲ್ಲವೆಂಬ ನೋವೇ ಅವರ ಕಣ್ಣಿಗೆ ಬೆಳಕಾಗುತ್ತದೆ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವನನ್ನು ಅವರು ಗುಂಪಿನಿಂದ ಆರಿಸಿ, ಎತ್ತಿ, ನಾಲ್ಕು ಜನರ ಮುಂದೆ ನಿಲ್ಲಿಸುತ್ತಾರೆ, ಅದಕ್ಕಾಗಿ ನಾವು ಅವರಿಗೆ ಋಣಿಗಳೂ ಆಗುತ್ತೇವೆ. ಆದರೆ ಪ್ರೀತಿಸುತ್ತ ನೋಡಿದವನಿಗೆ ದೋಷವೂ ಗುಣದ ವೇಷದಲ್ಲೇ ಬಂದು ನಿಲ್ಲುತ್ತದೆ. ಅಂಥವರು ತಪ್ಪಿದಾಗ ಅದರ ಬೆಲೆ ತೆರುವುದು ಅವರು ಅತ್ಯಂತ ಪ್ರೀತಿಯಿಂದ ಕಂಡ ಜೀವವೇ. ಆ ಜೀವ ಅವರನ್ನು ದೂರುವುದೂ ಇಲ್ಲ.