ಮೊದಲು ಒಳಕ್ಕೆ ದೂಡಿ

ಕಿವಿಗೆ ಒತ್ತಿಕೊಂಡ ಹೆಡ್‌ಫೋನಿನ ಸ್ಪಂಜು ಬೆವರಿಗೆ ಒದ್ದೆಯಾಗಿದೆ, ಒಂದು ಕಡೆ ಕಿತ್ತು ಬಂದು ಕಿವಿಯ ಹಾಲೆಗೆ ಕಚಗುಳಿ ಇಡುತ್ತಿದೆ, ಇವತ್ತಾದರೂ ಬದಲಿಸಿಕೊಡಿ ಅಂತ ಮೇಲಿನವರಿಗೆ ಹೇಳಬೇಕು ಅಂದುಕೊಳ್ಳುತ್ತಲೇ ಅವಳು ಮನೆಗೆಲಸದ ಸಹಾಯವಾಣಿಗೆ ಕರೆ ಮಾಡಿದ್ದ ಸೀದ ಪಾತ್ರೆಯ ಅಜ್ಜಿಗೆ ಉತ್ತರ ಹೇಳಿ ಮುಗಿಸಿದಳು, ಉಪ್ಪು ನೀರು ಹಾಕಿ ಕುದಿಸಿ ಅಜ್ಜಿ, ಆರಿದ ಮೇಲೆ ಉಜ್ಜಿ — ನನ್ನ ಸೊಸೆನೂ ಅದನ್ನೇ ಅಂದಳಮ್ಮ, ಆದರೆ ಅವಳು ಹೇಳಿದ್ದನ್ನ ನಾನ್ಯಾಕೆ ಮಾಡ್ಲಿ, ನೀನು ಹೇಳಿದೆ ಅಂತ ಮಾಡ್ತೀನಿ — ನಗು ಇನ್ನೂ ತುಟಿಯಲ್ಲೇ ಇತ್ತು, ಮುಂದಿನ ಕರೆ ಬಂತು. ಗಂಡಸಿನ ದನಿ, ಬಲು ವಿನಯ. ಮಗು ಬಚ್ಚಲಿಗೆ ಹೋಗಿ ಒಳಗಿಂದ ಕೊಕ್ಕೆ ಹಾಕ್ಕೊಂಡುಬಿಟ್ಟಿದೆ ಮೇಡಂ, ತೆಗೆಯೋಕೆ ಬರ್ತಿಲ್ಲ. ವಾರಕ್ಕೊಮ್ಮೆಯಾದರೂ ಬರುವ ಪ್ರಶ್ನೆ, ಮಕ್ಕಳು ಎಲ್ಲ ಮನೆಯಲ್ಲೂ ಒಂದೇ, ಗಾಬರಿ ಬೇಡ ಸಾರ್, ಬೀದಿ, ಮನೆ ನಂಬರು ಹೇಳಿ, ಹಾಂ ಬರೆದುಕೊಂಡೆ, ಆಗದಿದ್ದರೆ ಬಡಗಿಯನ್ನೇ ಕಳಿಸ್ತೀವಿ, ಬಾಗಿಲು ನಿಮ್ಮ ಕಡೆಗೆ ತೆರೆಯುತ್ತೆ ಅಲ್ವಾ, ಹಾಗಾದರೆ ತೆಳ್ಳನೆಯ ಚಾಕು ತಗೊಳ್ಳಿ, ಸಂದಿಯಲ್ಲಿ ತೂರಿಸಿ ಕೊಕ್ಕೆಯ ಕೆಳಗೆ ಇಡಿ, ಮೊದಲು ಭುಜದಿಂದ ಬಾಗಿಲನ್ನು ಒಳಕ್ಕೆ ದೂಡಿ, ಕೊಕ್ಕೆ ಸಡಿಲಾಗುತ್ತೆ, ಆಮೇಲೆ ಮೇಲಕ್ಕೆತ್ತಿ, ಅಷ್ಟೇ. ಥ್ಯಾಂಕ್ಸ್ ಮೇಡಂ, ಲೈನಲ್ಲೇ ಇರಿ.

ಅವಳು ಇದ್ದಳು. ಮರ ಕಿರುಗುಟ್ಟಿತು, ಕಬ್ಬಿಣಕ್ಕೆ ಕಬ್ಬಿಣ ತಾಗಿತು, ಒಳಗಿನಿಂದ ಒಂದು ಕೂಗು — ಮಗುವಿನದಲ್ಲ. ಬೆಳೆದ ಹೆಂಗಸಿನ ಕೂಗು. ಆಮೇಲೆ ಮಗುವಿನದು. ಬೇಡಾರೀ, ಮಗು ಇದೆ ಒಳಗೆ, ಕಾಲಿಗೆ ಬೀಳ್ತೀನಿ, ಚಾಕು ಕೆಳಗಿಡಿ. ಅದೇ ವಿನಯದ ಗಂಟಲಿನಿಂದ ಇನ್ನೊಂದು ದನಿ ಹೊರಬಂತು, ನಾಯಿ ಬೊಗಳಿದಂತೆ, ತೆಗೀತೀಯೋ ಇಲ್ವೋ, ಇವತ್ತು ನಿನ್ನ ಕತ್ತು ಉಳಿಸಲ್ಲ ಕಣೇ — ಮತ್ತೆ ಫೋನಿಗೆ, ಮೆತ್ತಗೆ, ಸ್ವಲ್ಪ ಎದ್ದಿತ್ತು ಮೇಡಂ, ಮೇಲಿಂದ ಏನೋ ಒತ್ತಿದ ಹಾಗಾಯ್ತು, ಈಗೇನು ಮಾಡ್ಲಿ. ಏನು ಮಾಡ್ಲಿ. ಕೈ ತಾನಾಗಿ ಪಕ್ಕದ ಸೀಟಿನ ಗೆಳತಿಯ ತೋಳನ್ನು ಹಿಂಡಿತು, ಪೊಲೀಸ್ ಎಂದು ಬಾಯಿ ಆಡಿಸಿದಳು, ಪರದೆಯ ಮೇಲಿನ ವಿಳಾಸ ತೋರಿಸಿದಳು, ಗೆಳತಿ ಮುಖ ನೋಡಿದಳು, ಇನ್ನೊಂದು ಫೋನೆತ್ತಿಕೊಂಡಳು. ಕರೆ ಕತ್ತರಿಸಿದರೆ ಅವನು ಒಬ್ಬನೇ ಆಗುತ್ತಾನೆ, ಬಾಗಿಲು, ಚಾಕು, ತಾನು ಕಲಿಸಿದ ಪಾಠ. ಮಾತಾಡಬೇಕು. ತಾನು ಪುಟ್ಟವಳಿದ್ದಾಗ ಅಮ್ಮ ಒಂದು ದಿನ ಹೀಗೇ ಕೂತಿದ್ದಳು, ಬಚ್ಚಲ ಒದ್ದೆ ನೆಲದ ಮೇಲೆ, ಒಂದು ತೋಳಲ್ಲಿ ಮಗಳನ್ನು ಅವುಚಿಕೊಂಡು, ಇನ್ನೊಂದು ಕೈಯ ಬೆರಳನ್ನು ಕೊಕ್ಕೆಯ ಮೇಲೆ ಒತ್ತಿಟ್ಟು, ಹೊರಗೆ ಅಪ್ಪ, ಸಂದಿಯಲ್ಲಿ ಚಾಕುವಿನ ತುದಿ, ಅದು ಮೇಲೇರುತ್ತಿದೆ, ಬೆರಳಿನ ಹತ್ತಿರ, ಅಮ್ಮ ಕಿವಿಯಲ್ಲಿ ಪಿಸುಗುಡುತ್ತಾಳೆ, ಎಳೀಲಿ ಬಿಡು ಪುಟ್ಟಿ, ಎಳೆದಷ್ಟೂ ಕೊಕ್ಕೆ ಬಿಗಿಯುತ್ತೆ, ದೂಡಬೇಕು ಅಂತ ಅವರಿಗೆ ತೋಚಲ್ಲ. ಅಪ್ಪನಿಗೆ ತೋಚಲೇ ಇಲ್ಲ. ಇವನಿಗೆ ತಾನೇ ಹೇಳಿಕೊಟ್ಟಳು, ಸಾರ್ ಎಂದು ಕರೆದು, ನಗುನಗುತ್ತಾ.

ಸಾರ್, ಕ್ಷಮಿಸಿ, ನಾನು ತಪ್ಪು ಹೇಳಿದೆ. ಸೀದ ಪಾತ್ರೆಗೆ ಹೇಳಿದ ದನಿಯೇ. ದೂಡಬೇಡಿ, ಹಿಡಿ ಹಿಡಿದು ನಿಮ್ಮ ಕಡೆಗೆ ಎಳೀರಿ, ಬಲವಾಗಿ, ಎಳೆದುಕೊಂಡೇ ಚಾಕು ಎತ್ತಿ. ಹೌದಾ ಮೇಡಂ. ಹೌದು ಸಾರ್, ಗೋಡೆಗೆ ಕಾಲು ಕೊಟ್ಟು ಎಳೀರಿ. ಅವನು ಎಳೆದ. ಮರ ನರಳಿತು, ಕೊಕ್ಕೆ ಹಿಡಿದುಕೊಂಡಿತು, ಎಳಿ, ಇನ್ನೂ ಎಳಿ, ನಿನ್ನ ಕೈ ಸೇದಿಹೋಗ, ಎಂದು ಅವಳ ಒಳಗೆ ಯಾರೋ ಹಲ್ಲು ಕಚ್ಚಿಕೊಂಡು ಅನ್ನುತ್ತಿದ್ದರು, ಆ ಚಾಕು ಅವನ ಹೊಟ್ಟೆಗೇ ತಿರುಗಲಿ, ಬಾಯಿ ಮಾತ್ರ ಹಾಗೇ ಸಾರ್, ಸರಿಯಾಗಿದೆ ಸಾರ್ ಅನ್ನುತ್ತಿತ್ತು, ಟಣ್ಣೆಂದು ಒಂದು ಸದ್ದು, ಚಾಕು ಮುರೀತು ಮೇಡಂ. ಇನ್ನೊಂದು ತನ್ನಿ ಸಾರ್, ಅದಕ್ಕೂ ಮೊದಲು ಎಣ್ಣೆ ಬೆಚ್ಚಗೆ ಮಾಡಿ ತನ್ನಿ, ಸಂದಿಗೆ ಬಿಡಬೇಕು, ತಣ್ಣಗಿದ್ದರೆ ಇಳಿಯಲ್ಲ. ಹೆಜ್ಜೆಗಳು ದೂರವಾದವು. ಎಣ್ಣೆ ಯಾವ ಡಬ್ಬಿಯಲ್ಲಿದೆಯೇ ಎಂದು ಅವನು ಕೂಗಿ ಕೇಳುತ್ತಿದ್ದಾನೆ, ತಾನು ಕೊಲ್ಲಲು ಹೊರಟ ಹೆಂಡತಿಯನ್ನೇ, ಅಡುಗೆಮನೆಯಿಂದ, ಅವಳು ಬಚ್ಚಲೊಳಗಿಂದ ಅಳುತ್ತಲೇ ಹೇಳಿಬಿಟ್ಟಳು, ಮೇಲಿನ ಗೂಡಲ್ಲಿ, ನೀಲಿ ಮುಚ್ಚಳ. ಸ್ಟವ್ ಹೊತ್ತಿದ ಸದ್ದು. ಆಮೇಲೆ ಏನನ್ನೋ ಒದ್ದ ಸದ್ದು, ಸಾಕು ಬಿಡಿ ಮೇಡಂ, ಬಾಗಿಲೇ ಒಡೀತೀನಿ, ಹಲಗೆ ಸೀಳಿತು, ಮಗುವಿನ ಕೂಗು ಸಿಕ್ಕಿಕೊಂಡು ನಿಂತಿತು, ಇನ್ನೊಂದು ಒದೆ, ಇನ್ನೊಂದು, ನಂತರ ಬೇರೆ ಬಾಗಿಲು ಬಡಿದ ಸದ್ದು, ಬೂಟುಗಳು, ಬೈಗುಳ, ಗಾಜು, ಯಾರನ್ನೋ ಗೋಡೆಗೆ ಅಪ್ಪಳಿಸಿದ ಸದ್ದು.

ಯಾರ್ರೀ ಲೈನಲ್ಲಿ, ಒಂದು ಒರಟು ದನಿ ಕೇಳಿತು. ಪೊಲೀಸ್. ಅವಳು ಹೇಳಿದಳು, ತಾನು ಯಾರೆಂದು, ಅವರಿಬ್ಬರೂ ಹೇಗಿದ್ದಾರೆಂದು ಕೇಳಿದಳು. ಇದ್ದಾರೆ ಕಣಮ್ಮ, ಇಬ್ಬರೂ ಬದುಕಿದ್ದಾರೆ, ಮಗುವಿಗೆ ಗಾಯ ಇಲ್ಲ, ಆಕೆಯದು ಬೆರಳು ಹೋಗಿದೆ ಅಷ್ಟೆ, ಕೊಕ್ಕೆ ಮೇಲೆ ಒತ್ತಿ ಹಿಡಿದಿದ್ದಳಂತೆ, ಅವನು ಮೊದಲ ಸಲ ಎತ್ತಿದಾಗಲೇ ತುಂಡಾಯ್ತಂತೆ, ಆದರೂ ಕೈ ತೆಗೀಲಿಲ್ಲವಂತೆ, ಗಟ್ಟಿ ಹೆಂಗಸು. ಗೆಳತಿ ಭುಜ ತಟ್ಟಿ ಏನೋ ಅನ್ನುತ್ತಿದ್ದಾಳೆ, ಉಳಿಸಿದೆ, ಎರಡು ಜೀವ ಉಳಿಸಿದೆ ನೀನು, ಪರದೆಯ ಮೇಲೆ ಇನ್ನೊಂದು ಕರೆ ಮಿನುಗುತ್ತಿದೆ, ಯಾರದೋ ಮನೆಯ ಯಾವುದೋ ಕಲೆ, ಯಾವುದೋ ವಾಸನೆ, ಎತ್ತಬೇಕು — ಮೊದಲ ಸಲ — ಒಳಕ್ಕೆ ದೂಡಿ, ಸಡಿಲಾಗುತ್ತೆ, ಆಮೇಲೆ ಮೇಲಕ್ಕೆತ್ತಿ, ಅಷ್ಟೇ — ಸಂದಿಯಲ್ಲಿ ತೆಳ್ಳನೆಯ ತುದಿ, ಕೊಕ್ಕೆಯ ಮೇಲೆ ಒಂದು ಬೆರಳು, ತುದಿ ಏರುತ್ತಿದೆ, ಬೆರಳು ಕದಲುವುದಿಲ್ಲ, ಬೆರಳು