ದೊರೆಸಾನಿಯ ಮಾತ್ರೆ

ಮಗಳು ಮಂಚದ ಕೆಳಗೆ ಭುಜದವರೆಗೂ ತೂರಿಕೊಂಡು ಕೈ ಚಾಚಿದಳು. ಬೆರಳಿಗೆ ಬಾಲದ ತುದಿ ಸಿಕ್ಕಿತು, ಜಾರಿತು. ಬೆಕ್ಕು ಗೋಡೆಯಂಚಿಗೆ ಸರಿದು ಮತ್ತೊಮ್ಮೆ ಕೂಗಿತು. ಅದು ದಿನದ ಮಿಯಾಂವ್ ಅಲ್ಲ. ಹೊಟ್ಟೆಯ ಆಳದಿಂದ ಎದ್ದು, ಎಳೆದೆಳೆದು, ಕೊನೆಯಲ್ಲಿ ಒಡೆದುಹೋಗುವ ಕೂಗು. ನಡುಕೋಣೆಯಲ್ಲಿ ಅಪ್ಪನ ದೇಹದ ಸುತ್ತ ಕೂತವರ ಮಾತು ನಿಂತಿತು.

"ಕೇಳಿದ್ರಾ? ಮನುಷ್ಯರಿಗಿಂತ ಮೂಕಪ್ರಾಣೀನೇ ವಾಸಿ," ಎಂದರು ಯಾರೋ.

"ಮೂಕ ಅಂತೆ!" ಎಂದ ಚಿಕ್ಕಪ್ಪ. "ಬೆಳಗ್ಗೆಯಿಂದ ನನ್ನ ಕಿವಿ ತೂತಾಗಿದೆ."

ಮನೆಗೆ ಬೇರೆ ಬಾಗಿಲಿರಲಿಲ್ಲ. ಬೀದಿಯಿಂದ ಮೊದಲು ಅಪ್ಪನ ಕಟಿಂಗ್ ಶಾಪು, ಅದನ್ನು ದಾಟಿದರೆ ನಡುಕೋಣೆ, ಹಿಂದೆ ಈ ಮಲಗುವ ಕೋಣೆ, ಅಡುಗೆಮನೆ. ಕೊನೆಯ ಸಲ ನೋಡಲು ಬಂದವರೆಲ್ಲ ತಿರುಗುವ ಕುರ್ಚಿ, ದೊಡ್ಡ ಕನ್ನಡಿ, ಕಾಯುವ ಬೆಂಚು ದಾಟಿಯೇ ಬರಬೇಕಿತ್ತು. ಹಳೆಯ ಗಿರಾಕಿಗಳು ಅಭ್ಯಾಸಬಲದಿಂದ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ತಮ್ಮ ಸರದಿ ಬಂತೆಂಬಂತೆ ಎದ್ದು ಒಳಗೆ ಬರುತ್ತಿದ್ದರು.

ಅಮ್ಮ ಕೋಣೆಯ ಬಾಗಿಲಿಗೆ ಬಂದಳು. "ಬಿಡೇ. ಅದು ಅವರನ್ನ ಕರೀತಿದೆ. ನೀನೆಷ್ಟು ಎಳೆದ್ರೂ ಬರಲ್ಲ."

ಅವಳ ಹಿಂದೆಯೇ ಚಿಕ್ಕಪ್ಪ ಬಂದ. ಲಾರಿ ಓಡಿಸುವ ಗಟ್ಟಿ ಆಳು. ನಿನ್ನೆ ಊಟವಾದ ಮೇಲೆ ಮಲಗಿದ ಅಣ್ಣ ಏಳಲಿಲ್ಲ ಎಂದು ತಿಳಿದಾಗಿನಿಂದ ಅವನು ಒಂದು ಕಡೆ ಕೂತಿರಲಿಲ್ಲ. ಕುರ್ಚಿ ತರಿಸಿದ, ಸ್ಮಶಾನದ ಗಾಡಿಗೆ ಹೇಳಿದ, ಬಂದವರ ಚಪ್ಪಲಿಗಳನ್ನು ಕೂಡ ಸಾಲಾಗಿ ಜೋಡಿಸಿದ. ಅವನು ಅತ್ತಿದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಅತ್ತಿಗೆ, ಬೆಕ್ಕಿನ ಡಾಕ್ಟರಮ್ಮನಿಗೆ ಫೋನ್ ಮಾಡಿದೀನಿ. ಗಾಡಿ ಬರೋದ್ರೊಳಗೆ ಬರ್ತಾರೆ. ಒಂದೇ ಇಂಜೆಕ್ಷನ್. ನೋವಿಲ್ದೆ ಹೋಗುತ್ತೆ."

"ಇವತ್ತೇನಾ ಚಿಕ್ಕಪ್ಪ?" ಮಗಳು ಮಂಚದಡಿಯಿಂದ ತಲೆ ಹೊರಗೆ ಹಾಕಿದಳು.

"ಇನ್ಯಾವತ್ತು? ಕಿಡ್ನಿ ಕೆಟ್ಟಿದೆ, ಹಲ್ಲು ಉದುರಿದೆ, ತಿಂದಿದ್ದು ದಕ್ಕಲ್ಲ. ಅಣ್ಣ ಇದ್ದ, ಮಗು ಥರ ನೋಡ್ಕೊಂಡ. ಇನ್ಮೇಲೆ ಯಾರು? ನಿನ್ನ ಬಾಡಿಗೆ ಮನೇಲಿ ಪ್ರಾಣಿ ಇಟ್ಕೊಳ್ಳೋಹಾಗಿಲ್ಲ. ನಾನಂತೂ ಯಾವಾಗ್ಲೂ ರೋಡಲ್ಲಿ."

ಮಗಳು ಅಮ್ಮನ ಮುಖ ನೋಡಿದಳು.

"ನನ್ನ ಕೈಯಲ್ಲಿ ಮಾತ್ರೆ ನುಂಗಲ್ಲ ಕಣೇ," ಎಂದಳು ಅಮ್ಮ. "ಉಗಿದುಬಿಡುತ್ತೆ. ಅದು ನರಳೋದನ್ನ ನೋಡ್ಕೊಂಡು ಕೂರೋ ಬದಲು..." ಮಾತು ಮುಗಿಸದೆ ಸೆರಗಿನಿಂದ ಮೂಗು ಒರೆಸಿಕೊಂಡಳು.

*

ಬೆಕ್ಕಿಗೆ ದೊರೆಸಾನಿ ಎಂದು ಹೆಸರಿಟ್ಟದ್ದು ಗಿರಾಕಿಗಳು. ಕಾಯುವ ಬೆಂಚಿನಲ್ಲಿ ಬಿಸಿಲು ಬೀಳುವ ತುದಿ ಅವಳದು. ಅಲ್ಲಿ ಯಾರೇ ಕೂತಿದ್ದರೂ ಏಳಬೇಕು. ಹೋದ ವರ್ಷ ಅವಳು ಊಟ ಬಿಟ್ಟಾಗ ಕೊಬ್ಬು ಹೆಚ್ಚಾಗಿದೆ ಎಂದೇ ಎಲ್ಲರೂ ಅಂದುಕೊಂಡರು. ಅಪ್ಪ ದಿನಕ್ಕೊಂದು ಬಗೆಯ ಮೀನು ತಂದ. ದೊರೆಸಾನಿ ಬಟ್ಟಲಿನ ಹತ್ತಿರ ಬರುತ್ತಿದ್ದಳು, ಮೂಸುತ್ತಿದ್ದಳು, ತುಟಿ ನೆಕ್ಕಿಕೊಳ್ಳುತ್ತಿದ್ದಳು, ಬಾಯಲ್ಲಿ ಏನಿಲ್ಲದಿದ್ದರೂ ನುಂಗುತ್ತಿದ್ದಳು. ಆಮೇಲೆ ಬಟ್ಟಲಿಗೆ ಬೆನ್ನು ಹಾಕಿ ಕೂತುಬಿಡುತ್ತಿದ್ದಳು.

"ಇದು ಹಟ ಅಲ್ಲ, ವಾಕರಿಕೆ," ಎಂದರು ಡಾಕ್ಟರಮ್ಮ. "ಹಸಿವಿದೆ, ಹೊಟ್ಟೆ ಬೇಡ ಅನ್ನುತ್ತೆ. ಅದು ತುಟಿ ನೆಕ್ಕೋದು ರುಚಿಗಲ್ಲ."

ವಾಕರಿಕೆ ತಗ್ಗಿಸಿ ಹಸಿವು ಹುಟ್ಟಿಸುವ ಮಾತ್ರೆ ಬರೆದುಕೊಟ್ಟರು. ಅಪ್ಪ ಅದನ್ನು ಪುಡಿ ಮಾಡಿ ಮೀನಿನಲ್ಲಿ ಬೆರೆಸಿದ. ಕಹಿ ನಾಲಿಗೆಗೆ ತಾಕಿ ಬೆಕ್ಕು ನೊರೆ ಕಾರಿತು. ಅಂದಿನಿಂದ ಆ ಮೀನನ್ನು ಮೂಸಿಯೂ ನೋಡಲಿಲ್ಲ. ಇನ್ನೊಂದು ಮೀನಿನಲ್ಲಿ ಬೆರೆಸಿದ, ಅದೂ ಹೋಯಿತು. ತನಗೆ ಸಂಕಟ ತಂದದ್ದು ಊಟವೇ ಎಂದು ಅದರ ದೇಹ ತೀರ್ಮಾನಿಸಿಬಿಟ್ಟಿತ್ತು.

"ಹೀಗೇ ಮಾಡ್ತಾ ಹೋದ್ರೆ ಲೋಕದಲ್ಲಿರೋ ಊಟಾನೆಲ್ಲ ಬಿಡಿಸ್ತೀರ," ಎಂದು ಡಾಕ್ಟರಮ್ಮ ಗದರಿದರು.

ಆಮೇಲೆ ಅಪ್ಪ ತನ್ನ ಕೆಲಸದ ದಾರಿಯನ್ನೇ ಹಿಡಿದ. ಗಡ್ಡ ಮಾಡುವಾಗ ಗಿರಾಕಿಯ ತಲೆಯನ್ನು ಹಿಂದಿನಿಂದ ಹಿಡಿದು ಎರಡು ಬೆರಳಲ್ಲಿ ಗದ್ದ ಎತ್ತುತ್ತಿದ್ದಂತೆಯೇ ಬೆಕ್ಕಿನ ಗದ್ದವನ್ನೂ ಎತ್ತಿದ. ಹೊಸ ಬ್ಲೇಡಿನಲ್ಲಿ ಕತ್ತರಿಸಿದ ಮಾತ್ರೆಯ ಚೂರಿಗೆ ಬೆಣ್ಣೆ ಸವರಿ ನಾಲಿಗೆಯ ಬುಡಕ್ಕಿಟ್ಟು, ಗಂಟಲು ನೇವರಿಸಿ, ಹಿಂದೆಯೇ ಸಿರಿಂಜಿನಿಂದ ತುಸು ನೀರು ಬಿಟ್ಟ. ಸಂಕಟ ಇಳಿಯುವವರೆಗೂ ಕಾದು, ಬಟ್ಟಲಿಗೆ ಬಿಸಿ ಟವೆಲ್ ಸುತ್ತಿ, ಮೀನು ಬೆಚ್ಚಗಾದ ಮೇಲೆ ಮುಂದಿಟ್ಟ. ದೊರೆಸಾನಿ ತಿಂದಳು. ಅಂದಿನಿಂದ ಇದೆಲ್ಲ ದಿನ ಬಿಟ್ಟು ದಿನ, ಅಂಗಡಿಯಲ್ಲೇ, ಬೆಂಚಿನವರ ಕಣ್ಣೆದುರು ನಡೆಯತೊಡಗಿತು.

"ಅಣ್ಣಾ, ನನ್ನ ಅರ್ಧ ಗಡ್ಡ ಹಾಗೇ ಇದೆ," ಎಂದು ಕುರ್ಚಿಯಲ್ಲಿದ್ದ ಬೇಕರಿಯವನು ಗೊಣಗುವನು.

"ಇರಯ್ಯ. ನಿನ್ನ ಗಡ್ಡ ಎಲ್ಲೂ ಓಡಿಹೋಗಲ್ಲ."

ಮೊದಲ ವಾರ ಮಾತ್ರೆಯ ಪ್ರಮಾಣ ತುಸು ಹೆಚ್ಚಾಗಿತ್ತು. ಅಪ್ಪ ಮಗಳಿಗೆ ಫೋನ್ ಮಾಡಿದ್ದ. "ದೊರೆಸಾನಿ ಸಂಗೀತ ಶುರು ಮಾಡಿದಾಳೆ. ನಿಲ್ಸೋದೇ ಇಲ್ಲ. ಕಣ್ಣು ನೋಡ್ಬೇಕು ನೀನು, ಬರೀ ಕಪ್ಪು." ಕಾಲುಭಾಗವನ್ನು ಮತ್ತೆ ಎರಡು ಮಾಡಿ ಕೊಡತೊಡಗಿದ ಮೇಲೆ ಸಂಗೀತ ನಿಂತಿತು.

ಅಮ್ಮ ಒಮ್ಮೆ ರೇಗಿದ್ದಳು. "ನಂಗೆ ತಲೆನೋವು ಬಂದಾಗ ಒಂದಿನಾದ್ರೂ ಹೀಗೆ ಮುಖ ನೋಡ್ಕೊಂಡು ಕೂತಿದ್ರಾ?"

"ನೀನು ಬಾಯಿ ಬಿಟ್ಟು ಹೇಳ್ತೀಯ," ಅಂದಿದ್ದ ಅಪ್ಪ. "ಇಡೀ ಬೀದಿಗೆ ಕೇಳೋಹಾಗೆ."

*

ಮಗಳು ಮೊಬೈಲಿನ ಬೆಳಕನ್ನು ಮಂಚದಡಿಗೆ ಬಿಟ್ಟಳು. ಬೆಕ್ಕಿನ ಕಣ್ಣ ಪಾಪೆ ಕಿರಿದಾಗಲಿಲ್ಲ. ಕಣ್ಣ ತುಂಬ ಬರೀ ಕಪ್ಪು. ಮೈ ಸಣ್ಣಗೆ ನಡುಗುತ್ತಿತ್ತು. ಪಕ್ಕದಲ್ಲಿ ಬಟ್ಟಲು ತೊಳೆದಿಟ್ಟಂತೆ ಖಾಲಿಯಾಗಿತ್ತು.

ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುವ ಅವಳಿಗೆ ಒಂದಕ್ಕೊಂದು ಹೊಂದದ ಎರಡು ಅಂಶ ಎದುರಾದರೆ ಸುಮ್ಮನಿರಲು ಆಗುತ್ತಿರಲಿಲ್ಲ. ದುಃಖಕ್ಕೆ ಕೂಗುವ ಬೆಕ್ಕು ಬಟ್ಟಲನ್ನು ಹೀಗೆ ನೆಕ್ಕುತ್ತದೆಯೇ?

"ಅಮ್ಮ, ಊಟ ಯಾರು ಹಾಕಿದ್ದು?"

"ಮೇಷ್ಟ್ರು. ಪೂರ್ತಿ ತಿಂತು ಅಂತ ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ತಲೆಗೂದಲಲ್ಲಿ ಜೇಡರ ಬಲೆ ಅಂಟಿಸಿಕೊಂಡೇ ಮಗಳು ನಡುಕೋಣೆಗೆ ಬಂದಳು. "ಮೇಷ್ಟ್ರೇ, ಬೆಕ್ಕಿಗೆ ಮಾತ್ರೆ ಏನಾದ್ರೂ ಕೊಟ್ರಾ?"

ಅಪ್ಪನ ಹಳೆಯ ಗಿರಾಕಿ, ಮುದಿ ಮೇಷ್ಟ್ರು ಕನ್ನಡಕ ತೆಗೆದರು. "ಕೊಟ್ಟೆ ಕಣಮ್ಮ. ಈ ಗಡಿಬಿಡೀಲಿ ನಿಮಗ್ಯಾರಿಗೂ ನೆನಪಿರಲ್ಲ ಅಂತ. ಡಬ್ಬಿ ಕನ್ನಡಿ ಕೆಳಗೇ ಇತ್ತಲ್ಲ. ಕಾಲುಭಾಗದಲ್ಲಿ ಅರ್ಧ, ಬೆಣ್ಣೆ ಹಚ್ಚಿ. ಅವನು ಕೊಡ್ತಿದ್ದಹಾಗೇ."

ಬಾಗಿಲ ಬಳಿ ಕೂತಿದ್ದ ಪೋಸ್ಟ್‌ಮ್ಯಾನ್ ಕೆಮ್ಮಿದ. "ನೀವೂ ಕೊಟ್ರಾ ಮೇಷ್ಟ್ರೇ?"

"ನೀವೂ ಅಂದ್ರೆ?"

"ನಾನು ನಿಮಗಿಂತ ಮುಂಚೆ ಬಂದೋನು."

ಎಲ್ಲರ ಕಣ್ಣೂ ಬೇಕರಿಯವನ ಕಡೆ ತಿರುಗಿದವು. ಅವನು ಗೋಡೆ ನೋಡುತ್ತಿದ್ದ. "ನನ್ನನ್ನೇನು ನೋಡ್ತೀರಿ? ಅಷ್ಟು ಬೆಣ್ಣೆ ತಂದಿದ್ದು ಯಾರು ಅಂದ್ಕೊಂಡ್ರಿ?"

ದೇಹದ ಪಕ್ಕ ಕೂತಿದ್ದವರಲ್ಲಿ ಯಾರೋ ಫಕ್ಕನೆ ನಕ್ಕು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಚಿಕ್ಕಪ್ಪ ಹಣೆ ಚಚ್ಚಿಕೊಂಡ. "ಮೂರು ಜನಾನೂ ಸೇರಿ ಅದನ್ನ ಕೊಂದ್ರಲ್ಲಪ್ಪ! ಹೇಗೆ ಕೊಡ್ಬೇಕು ಅಂತ ನಿಮಗೆ ಹೇಳಿಕೊಟ್ಟೋರು ಯಾರು?"

"ಯಾರು ಹೇಳ್ಕೊಡ್ಬೇಕು?" ಎಂದ ಪೋಸ್ಟ್‌ಮ್ಯಾನ್. ಅವನ ದನಿ ಇಳಿದಿತ್ತು. "ನನ್ನ ಮೀಸೆ ಮೂಡಿದಾಗಿಂದ ಆ ಕೈ ನನ್ನ ಗದ್ದ ಹಿಡಿದಿದೆ."

ಆಮೇಲೆ ಅಮ್ಮ ಬಾಗಿಲಿಗೆ ಒರಗಿದಲ್ಲಿಂದಲೇ ಹೇಳಿದಳು. "ಮೂರಲ್ಲ. ಬೆಳಕು ಹರಿಯೋ ಮುಂಚೆ ನಾನೂ ಒಂದು ಚೂರು ಕೊಟ್ಟೆ. ಉಗಿದ್ಹಾಗೆ ಕಾಣಿಸ್ತು."

"ಉಗಿದಿದ್ದು ಸಿಕ್ತಾ?"

"ಹುಡುಕ್ದೆ. ಸಿಗ್ಲಿಲ್ಲ."

"ಹಾಗಾದ್ರೆ ನುಂಗಿದೆ ಅಮ್ಮ. ನಿನ್ನ ಕೈಯಿಂದಾನೇ ನುಂಗಿದೆ."

ಅಮ್ಮ ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

ಡಾಕ್ಟರಮ್ಮ ಬಂದವರು ಅಪ್ಪನ ಪಾದದ ಬಳಿ ಕ್ಷಣ ನಿಂತು ಒಳಗೆ ಹೋದರು. ಮಗಳು ನಡೆದದ್ದನ್ನೆಲ್ಲ ಹೇಳಿದಳು. ಇಬ್ಬರೂ ಸೇರಿ ಮಂಚ ಸರಿಸಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಎತ್ತಿದರು. ಡಾಕ್ಟರಮ್ಮ ಎದೆಬಡಿತ ಕೇಳುವಾಗ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ.

"ನಾನು ಕರೆಸಿದ್ದು ಬೇರೆ ಕೆಲಸಕ್ಕೆ, ಡಾಕ್ಟರಮ್ಮ."

"ಗೊತ್ತು. ಅದಕ್ಕೆ ತಯಾರಾಗೇ ಬಂದೆ. ಆದ್ರೆ ಈ ಕೂಗು ಸಾವಿಂದಲ್ಲ, ಮಾತ್ರೆ ತಲೆಗೇರಿದ್ದು. ಇದನ್ನ ಇಳಿಸೋಕೆ ಬೇರೆ ಮಾತ್ರೆ ಇದೆ. ಕೆಟ್ಟ ಕಿಡ್ನಿ, ಮೈಯಿಂದ ಹೊರಗೆ ಹೋಗೋಕೆ ಹೊತ್ತು ಹಿಡಿಯುತ್ತೆ. ಕತ್ತಲಲ್ಲಿ, ಸದ್ದಿಲ್ದೆ, ಯಾರಾದ್ರೂ ಪಕ್ಕದಲ್ಲಿರ್ಬೇಕು. ಉಸಿರು ಕೆಟ್ರೆ ತಕ್ಷಣ ನನಗೆ ಹೇಳ್ಬೇಕು. ಉಳಿಯುತ್ತೆ ಅಂತ ಮಾತು ಕೊಡಲ್ಲ. ಉಳಿದ್ರೆ ಮತ್ತೆ ಅದೇ ಪಾಡು. ಮಾತ್ರೆ, ವಾಂತಿ, ಬಿಸಿ ಟವೆಲು. ನೀವೇ ಹೇಳಿ."

ಚಿಕ್ಕಪ್ಪ ಅತ್ತಿಗೆಯ ಕಡೆ ನೋಡಿದ. ಬಾಗಿಲಲ್ಲಿ ಗುಂಪುಗೂಡಿದ್ದ ಗಿರಾಕಿಗಳು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು.

"ಕೊಡಿ ಇಲ್ಲಿ," ಎಂದಳು ಅಮ್ಮ.

ನೆಲದ ಮೇಲೆ ಕೂತು ಬೆಕ್ಕನ್ನು ಮೊಣಕಾಲುಗಳ ನಡುವೆ ತೆಗೆದುಕೊಂಡಳು. ಮೊದಲ ಸಲ ಗದ್ದ ಜಾರಿತು. ಎರಡನೆಯ ಸಲ ಬಾಯಿ ತೆರೆಯಿತು. ಮಾತ್ರೆ ಇಟ್ಟು ಗಂಟಲು ನೇವರಿಸಿ, ನಂಬಿಕೆಯಾಗದೆ ಮತ್ತೆ ಬಾಯಿ ಬಿಡಿಸಿ ಒಳಗೆಲ್ಲ ನೋಡಿದಳು.

ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು.

"ನಾನಿರ್ತೀನಿ, ನೀನು ಹೋಗಮ್ಮ," ಎಂದಳು ಮಗಳು.

"ನೀನು ಹೋಗು. ನಾನು ಅವರಿಗೆ ಹೇಳೋದನ್ನೆಲ್ಲ ಬದುಕಿದ್ದಾಗ್ಲೇ ಹೇಳಿದೀನಿ." ಅಮ್ಮ ತಲೆ ಎತ್ತಲಿಲ್ಲ. "ಎತ್ತೋವಾಗ ತಲೆ ಕಡೆ ಹುಷಾರು ಅಂತ ಹೇಳು. ಕಿಟಕಿ ಮುಚ್ಚು."

*

ಅವರು ಸ್ಮಶಾನದಿಂದ ಹಿಂದಿರುಗಿದಾಗ ಬೀದಿಯ ದೀಪಗಳು ಹೊತ್ತಿದ್ದವು. ಒಳಗಿನಿಂದ ಯಾವ ಕೂಗೂ ಕೇಳಿಸುತ್ತಿರಲಿಲ್ಲ. ಅಂಗಡಿಯ ಹೊಸ್ತಿಲಲ್ಲಿ ಎಲ್ಲರೂ ನಿಂತುಬಿಟ್ಟರು. ಮುಂದೆ ಹೆಜ್ಜೆ ಇಡಲು ಒಬ್ಬರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಚಿಕ್ಕಪ್ಪ ಬೂಟು ಕಳಚಿ ಕೈಯಲ್ಲಿ ಹಿಡಿದು, ತನ್ನ ಭಾರದ ಮೈಯನ್ನು ತುದಿಗಾಲಲ್ಲಿ ಹೊತ್ತು, ಖಾಲಿಯಾದ ನಡುಕೋಣೆ ದಾಟಿ ಒಳಗೆ ಹೋದ. ಹಿಂದೆ ಮಗಳು.

ಕತ್ತಲಲ್ಲಿ ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಟವೆಲಿನ ಮುದ್ದೆ. ಚಿಕ್ಕಪ್ಪ ಮಂಡಿಯೂರಿ ಬಗ್ಗಿದ. ಅವನಿಂದ ಹೊಗೆಯ ವಾಸನೆ ಬರುತ್ತಿತ್ತು.

"ಅತ್ತಿಗೆ," ಎಂದು ಪಿಸುಗುಟ್ಟಿದ. "ಇದೆಯಾ?"

ಅಮ್ಮ ಅವನ ಮಣಿಕಟ್ಟು ಹಿಡಿದು, ಕೈಯನ್ನು ಟವೆಲಿನ ಒಳಗೆ ತಂದು, ಬೆಕ್ಕಿನ ಪಕ್ಕೆಯ ಮೇಲೆ ಇಟ್ಟಳು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಮಗಳಿಗೆ ಕಾಣಿಸಿತು. ಸ್ಟೀರಿಂಗ್ ತಿರುಗಿಸಿ ದಡ್ಡುಗಟ್ಟಿದ ಆ ದೊಡ್ಡ ಕೈ ತಾನಾಗಿ ನಿಧಾನಕ್ಕೆ ಮೇಲೇರಿತು, ಇಳಿಯಿತು, ಮತ್ತೆ ಏರಿತು. ಚಿಕ್ಕಪ್ಪನ ಹೆಗಲು ಅದುರತೊಡಗಿತು. ಆದರೆ ಕೈಯನ್ನು ಅವನು ಅಲುಗಿಸಲಿಲ್ಲ.