ಚೌಕಟ್ಟಿನ ಅಡಿಪಟ್ಟಿ

ಬಡಗಿಗೆ ತನ್ನ ಕಣ್ಣಳತೆಯ ಮೇಲೆ ಎಲ್ಲಿಲ್ಲದ ನಂಬಿಕೆ. ಹಲ್ಲಿನ ಡಾಕ್ಟರ ಕೋಣೆಯ ಹೊರಗಿದ್ದ ಬೆಂಚನ್ನೂ ಅಲ್ಲಾಡಿಸಿ ನೋಡಿ, "ಒಂದು ಕಾಲು ಗಿಡ್ಡ" ಎಂದು ತೀರ್ಪು ಕೊಟ್ಟ ಮೇಲೆಯೇ ಕುಳಿತ. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ತುಟಿ ಬಿಗಿದುಕೊಂಡು ಕೂತಿದ್ದಳು. ಅವಳ ಮುಂದಿನ ಹಲ್ಲುಗಳು ಒಂದರ ಹೆಗಲ ಮೇಲೊಂದು ಹತ್ತಿದ್ದವು. ಶಾಲೆಯ ಫೋಟೋಗೆ ನಿಂತರೆ ತುಟಿ ಬಿಚ್ಚುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಬಲಗಡೆಯ ಹಾಲುಹಲ್ಲೊಂದು ಹುಳುಕಾದಾಗ, 'ಹೇಗಿದ್ದರೂ ಬೀಳುವ ಹಲ್ಲು, ಕಿತ್ತರೆ ಉಳಿದವಕ್ಕೆ ಜಾಗವಾದರೂ ಆಗುತ್ತೆ' ಎಂದು ಬಡಗಿ ಹಟ ಹಿಡಿದು ಕೀಳಿಸಿದ್ದ. ಈಗ ಎಡಗಡೆಯದೂ ಹುಳುಕಾಗಿತ್ತು. ಅದನ್ನೂ ಕೀಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು, ಅಂದರೆ ಅವನು ತೀರ್ಮಾನಿಸಿದ್ದ.

"ನೋವೇ ಇಲ್ವಲ್ಲಪ್ಪಾ, ಯಾಕೆ ಕೀಳಿಸ್ಬೇಕು?" ಮಗಳು ಮೂರನೇ ಸಲ ಕೇಳಿದಳು.

"ನನಗೆ ಗೊತ್ತಿಲ್ವಾ ಪುಟ್ಟಿ? ಇಕ್ಕಟ್ಟಾದ ಕಡೆ ಒಂದು ತುಂಡು ತೆಗೆದ್ರೆ ಮಿಕ್ಕಿದ್ದು ಸಲೀಸಾಗಿ ಕೂರುತ್ತೆ."

ಒಳಗೆ ಡಾಕ್ಟರಮ್ಮ ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಬಾಯಲ್ಲಿ ಪುಟ್ಟ ಕನ್ನಡಿ ಹಿಡಿದು ನೋಡಿದರು, ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು.

"ಬಲಗಡೆ ಕೀಳಿಸಿದಾಗ ಜಾಗ ಕಾಯೋಕೆ ತಂತಿ ಹಾಕಿಸಲಿಲ್ವಾ?"

"ಆಗಿನ ಡಾಕ್ಟ್ರು ಹಾಕ್ತೀನಿ ಅಂದ್ರು. ನಾನೇ ಬೇಡ ಅಂದೆ." ಅದನ್ನೂ ಅವನು ಹೆಮ್ಮೆಯಿಂದಲೇ ಹೇಳಿದ.

"ಹಾಲುಹಲ್ಲು ಸುಮ್ನೆ ಕೂತಿರಲ್ಲ. ಒಳಗಿಂದ ಬರೋ ಹಲ್ಲಿಗೆ ಜಾಗ ಹಿಡಿದಿರುತ್ತೆ. ನೀವು ಕೀಳಿಸಿದ ಮೇಲೆ ಹಿಂದಿನ ದವಡೆಹಲ್ಲು ಮುಂದಕ್ಕೆ ಜರುಗಿಬಿಟ್ಟಿದೆ. ಬರಬೇಕಾದ್ದು ನೋಡಿ, ಇಲ್ಲೇ ಸಿಕ್ಕಿಕೊಂಡಿದೆ."

ಬಾಗಿಲ ಚೌಕಟ್ಟು ನಿಲ್ಲಿಸುವಾಗ ಅದರ ಎರಡು ಕಾಲುಗಳ ನಡುವೆ ಒಂದು ಅಡಿಪಟ್ಟಿ ಹೊಡೆಯುವುದು ಬಡಗಿಯ ಕಸುಬಿನ ಮೊದಲ ಪಾಠ. ಗೋಡೆ ಬಿಗಿಯುವವರೆಗೂ ಅದು ಅಲ್ಲೇ ಇರಬೇಕು. ಮೊದಲೇ ಕಿತ್ತರೆ ಕಾಲುಗಳು ಒಳಕ್ಕೆ ಬಂದು ಬಾಗಿಲು ಕೂರುವುದಿಲ್ಲ. ಆ ಪಟ್ಟಿಯೂ ಹೇಗಿದ್ದರೂ ಕಿತ್ತೆಸೆಯುವ ಮರವೇ! ದೀಪದ ಕೆಳಗೆ ಕತ್ತಲೆ ಅನ್ನುವುದು ಸುಳ್ಳಲ್ಲ. ಕಂಡವರ ಮನೆಯ ಬಾಗಿಲನ್ನೆಲ್ಲ ನೆಟ್ಟಗೆ ಕೂರಿಸಿದವನು ಸ್ವಂತ ಮಗಳ ಬಾಯಿಂದ ಅಡಿಪಟ್ಟಿ ಕೀಳಿಸಿದ್ದ. ನಾಚಿಕೆಯಾಯಿತು, ತನ್ನ ಮೇಲೇ ಸಿಟ್ಟೂ ಬಂತು.

"ಕೆಟ್ಟೇಹೋಯ್ತಾ ಡಾಕ್ಟ್ರೇ?"

"ಇಲ್ಲಪ್ಪ, ಕಾಲ ಮಿಂಚಿಲ್ಲ. ಏಳನೇ ವರ್ಷಕ್ಕೇ ಹಲ್ಲಿನ ಸಾಲನ್ನೂ ಒಂದ್ಸಲ ತೋರಿಸಿದ್ರೆ ಇನ್ನೂ ಸುಲಭ ಆಗ್ತಿತ್ತು, ಅಷ್ಟೇ. ಎಡಗಡೆಯದಕ್ಕೆ ಸಿಮೆಂಟ್ ತುಂಬ್ತೀನಿ, ಅದು ತಾನಾಗೇ ಬೀಳಲಿ. ಬಲಗಡೆ ತಂತಿ ಹಾಕಿ ದವಡೆಹಲ್ಲನ್ನ ನಿಧಾನಕ್ಕೆ ಹಿಂದೆ ಸರಿಸೋಣ. ಮುಂದಿನವಕ್ಕೆ ಕ್ಲಿಪ್ ಬೇಕೋ ಬೇಡ್ವೋ ಅನ್ನೋದನ್ನ ಹಲ್ಲೆಲ್ಲ ಬಂದ ಮೇಲೆ, ಹನ್ನೆರಡು ವರ್ಷದ ಹೊತ್ತಿಗೆ ನೋಡೋಣ."

ಬಡಗಿ ಮಗಳ ಕುರ್ಚಿಯ ಹತ್ತಿರ ಬಗ್ಗಿದ. "ತಪ್ಪು ನಂದು ಕಣೇ ಪುಟ್ಟಿ. ಅಡಿಪಟ್ಟಿ ಕೀಳಿಸಿಬಿಟ್ಟೆ."

ಮರದ ಹೊಟ್ಟಿನಲ್ಲಿ ಆಡಿ ಬೆಳೆದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಿನ್ನ ಕೆಲಸದವರು ಹಾಗೆ ಮಾಡಿದ್ರೆ ಏನ್ಮಾಡ್ತೀಯಪ್ಪಾ?"

"ಗೋಡೆ ಬಿಗಿಯೋವರೆಗೂ ಆ ಬಾಗಿಲ ಹತ್ರ ಸುಳಿಯೋಕೆ ಬಿಡಲ್ಲ."

ಮಗಳು ಡಾಕ್ಟರಮ್ಮನ ಕಡೆ ತಿರುಗಿದಳು. "ಹಾಗಾದ್ರೆ ಅಪ್ಪ ಹೊರಗಿರ್ಲಿ" ಎಂದು ಬಾಯಿ ಅಗಲವಾಗಿ ತೆರೆದಳು.

ಬಡಗಿ ಹೊರಗೆ ಹೋಗಿ ಅದೇ ಬೆಂಚಿನ ಮೇಲೆ ಕುಳಿತ. ಈ ಸಲ ಅಲ್ಲಾಡಿಸಿ ನೋಡಲಿಲ್ಲ.